ಟೀಚರ ಗಂಡನಷ್ಟು ನಿಧಾನ

ಬೀದಿಯವರು ಹೇಳುತ್ತಿದ್ದರು: "ಇಂಗ್ಲಿಷ್ ಟೀಚರಮ್ಮನ ಮನೇಲಿ ಯಾವ ವಸ್ತುವೂ ತನ್ನ ಪಾಡಿಗೆ ತಾನಿರೋ ಹಾಗಿಲ್ಲ. ಎಲ್ಲಾ ಇನ್ನೊಂದರ ಹಾಗಿರಬೇಕು." ಸುಳ್ಳಲ್ಲ. ಕಾಫಿ ಆರಿದರೆ "ಹೆಡ್‌ಮಾಸ್ಟರ ನಗುವಿನಷ್ಟು ತಣ್ಣಗಿದೆ" ಅನ್ನುವರು. ಬಾಗಿಲು ಕಿರುಗುಟ್ಟಿದರೆ "ನಾದಿನಿ ಮಾತಾಡಿದ ಹಾಗಾಯ್ತು" ಅನ್ನುವರು.

ಮೂರನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೋಲಿಕೆ ಕಲಿಸುವುದೇ ಅವರಿಗೆ ಅಚ್ಚುಮೆಚ್ಚು. ಪುಸ್ತಕದಲ್ಲಿ 'ಆಮೆಯಷ್ಟು ನಿಧಾನ' ಅಂತಿತ್ತು. ಒಂದು ಮಗುವೂ ಆಮೆ ಕಂಡಿರಲಿಲ್ಲ.

"ಕಾಣದೇ ಇರೋದನ್ನ ಹೋಲಿಸಿದ್ರೆ ಬರೀ ಬಾಯಿಪಾಠ ಕಣ್ರೋ. ನೀವು ಕಂಡಿರೋದ್ರಲ್ಲಿ ಅತಿ ನಿಧಾನ ಯಾವುದು, ಹೇಳಿ."

ಕಿಟಕಿ ಪಕ್ಕದ ಹುಡುಗಿ ಹೊರಗೆ ನೋಡಿದಳು. ಟೀಚರು ಮರೆತು ಬಂದ ಊಟದ ಡಬ್ಬಿ ಹಿಡಿದು ಅವರ ಗಂಡ, ಗಡಿಯಾರ ರಿಪೇರಿಯವರು, ಅಂಗಳದಲ್ಲಿ ಬರುತ್ತಿದ್ದರು. ಬೆಲ್ ಹೊಡೆದಾಗ ಗೇಟು ದಾಟಿದವರು, ಹಾಜರಿ ಮುಗಿದು ಪಾಠ ಶುರುವಾದರೂ ಬರುತ್ತಲೇ ಇದ್ದರು.

"ಟೀಚರ ಗಂಡನಷ್ಟು ನಿಧಾನ," ಅಂದಳು ಹುಡುಗಿ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಟೀಚರಿಗೆ ನಗು ತಡೆಯಲಾಗಲಿಲ್ಲ. ಬೋರ್ಡಿನ ಮೇಲೆ ಬರೆದೇಬಿಟ್ಟರು.

ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರಬೇಕೇ. ಮೂವತ್ತೊಂದು ಮಕ್ಕಳೂ ಟೀಚರ ಗಂಡನನ್ನೇ ಬರೆದರು. ಪೇಪರು ತಿದ್ದಲು ಬಂದ ಸ್ಕೂಲ್ ಇನ್ಸ್‌ಪೆಕ್ಟರು ಅಷ್ಟೂ ಉತ್ತರಕ್ಕೆ ಕೆಂಪು ಗೀಟು ಎಳೆದರು. ಆ ಒಂದು ಅಂಕ ಹೋದರೆ ಒಂಬತ್ತು ಮಕ್ಕಳು ಫೇಲು.

"ಉತ್ತರ ಆಮೆ. ನಿಮ್ಮ ಯಜಮಾನರು ಅಷ್ಟು ನಿಧಾನ ಅನ್ನೋದಕ್ಕೆ ಆಧಾರ ಏನಮ್ಮಾ?"

"ಕರಕೊಂಡು ಬರ್ತೀನಿ ಸಾರ್. ನೀವೇ ನೋಡಿ."

ಟೀಚರು ಗಂಡನ ಅಂಗಡಿಗೆ ಓಡಿ ಏದುಸಿರಿನಲ್ಲೇ ಎಲ್ಲ ಒದರಿದರು. ಗಂಡ ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದರು.

"ಓಹೋ. ಮಕ್ಕಳು ನನ್ನ ಕಂಡು ಕಿಸಕಿಸ ಅನ್ನೋದು ಇದಕ್ಕಾ?"

"ಹೂಂ ರೀ. ತಪ್ಪು ನಂದೇ. ಮನೇಗೆ ಬಂದು ಬೈಯಿರಂತೆ."

"ಇವತ್ತು ಸರಸರ ನಡೆದುಬಿಟ್ರೆ ನನ್ನ ಮಾನ ಉಳಿಯುತ್ತೆ, ಅಲ್ವೇನೇ?"

"ಉಳಿಯುತ್ತೆ," ಅಂದರು ಟೀಚರು, ಸಣ್ಣ ದನಿಯಲ್ಲಿ.

ಶಾಲೆಯ ಗೇಟಿನಲ್ಲಿ ಗಂಡ ನಿಂತರು. ಕಿಟಕಿಗಳ ತುಂಬ ಮಕ್ಕಳ ಮುಖ. ಒಂದು ಕಾಲು ಎತ್ತಿದರು. ಅದು ನೆಲ ಮುಟ್ಟುವಷ್ಟರಲ್ಲಿ ಇನ್ಸ್‌ಪೆಕ್ಟರ ಟೀ ಮುಗಿಯಿತು. ಗಂಡ ಒಂದು ಇರುವೆಗೆ ದಾರಿ ಬಿಟ್ಟರು. ಅದರ ಹಿಂದಿನದಕ್ಕೂ ಬಿಟ್ಟರು. ಇಷ್ಟು ನಿಧಾನವಾಗಿ ಅವರು ಜನ್ಮದಲ್ಲಿ ನಡೆದಿರಲಿಲ್ಲ. ಅದು ಟೀಚರಿಗೊಬ್ಬರಿಗೇ ಗೊತ್ತು.

ಇನ್ಸ್‌ಪೆಕ್ಟರು ಆಕಳಿಸಿ, ಮೂವತ್ತೊಂದು ಪೇಪರಿಗೂ ಅಂಕ ಹಾಕಿದರು. "ಸಾಕಮ್ಮಾ, ನಿಲ್ಲೋಕೆ ಹೇಳಿ."

"ನಿಂತಿದಾರೋ ನಡೀತಿದಾರೋ ನನಗೇ ತಿಳೀತಿಲ್ಲ ಸಾರ್."

ಎಷ್ಟೋ ವರ್ಷದ ಮೇಲೆ ಟೀಚರು ರಿಟೈರಾಗಿ, ಆ ಬೀದಿಯ ಬಾಡಿಗೆ ಮನೆ ಖಾಲಿ ಮಾಡಿದ ದಿನ. ಸಾಮಾನೆಲ್ಲ ವ್ಯಾನು ಸೇರಿತ್ತು. ಗಂಡ ಮಾತ್ರ ಇನ್ನೂ ಒಳಗೆ ಗೋಡೆ ಗಡಿಯಾರ ಇಳಿಸುತ್ತಿದ್ದರು. ಡ್ರೈವರ್ ಎರಡು ಸಲ ಹಾರನ್ ಒತ್ತಿದ.

"ಏನಮ್ಮಾ, ಯಜಮಾನ್ರು ಒಳ್ಳೇ ಆಮೆ ಥರ?"

"ತಪ್ಪು ಉತ್ತರ," ಅಂದರು ಟೀಚರು.

ಮತ್ತೆ ಒಳಗೆ ಹೋಗಿ, ಗಡಿಯಾರದ ಒಂದು ಬದಿ ತಾವು ಹಿಡಿದು, ಗಂಡನ ಹೆಜ್ಜೆಗೆ ಹೆಜ್ಜೆ ಸೇರಿಸಿ ಹೊಸಿಲು ದಾಟಿದರು. ಅಲ್ಲಿಂದ ವ್ಯಾನಿಗೆ ಹತ್ತೇ ಹೆಜ್ಜೆ. ಡ್ರೈವರ್ ಒಂದು ಗಳಿಗೆ ನೋಡಿ, ಎಂಜಿನ್ ಆರಿಸಿದ.