ಜಯಮ್ಮನವರು ಇಟ್ಟ ಬೊಟ್ಟು

ಉತ್ತರಹಳ್ಳಿಯ ಹೊಸ ಬಾಡಿಗೆ ಮನೆಯಲ್ಲಿ ಸಾಮಾನು ಬಿಚ್ಚಿ ಧೂಳು ಒರೆಸುತ್ತಿದ್ದೆ. ಸ್ಪೀಕರುಗಳ ಸದ್ದು ಏರಿಳಿಸುವ ಯಂತ್ರದ ಮೇಲೆ, ವಾಲ್ಯೂಮ್ ಗುಂಡಿಯ ಪಕ್ಕ ಅಂಟಿದ್ದ ಮರೂನ್ ಸ್ಟಿಕ್ಕರ್ ಬೊಟ್ಟಿನ ಅಂಚು ಬಟ್ಟೆಗೆ ಸಿಕ್ಕಿ ಎದ್ದಿತು. ಬಟ್ಟೆಯನ್ನು ಅಲ್ಲೇ ಕೈಬಿಟ್ಟೆ. ನಗಬೇಡಿ. ಹಣೆಗೆ ಬೊಟ್ಟಿಡಲು ಮರೆಯುವ ನಾನು ಯಂತ್ರದ ಬೊಟ್ಟನ್ನು ಮಾತ್ರ ಇಷ್ಟು ವರ್ಷ ಕಾಪಾಡಿದ್ದೇನೆ.

ಅದು ಜಯಮ್ಮನವರದು. ಚಿಕ್ಕಲಸಂದ್ರದಲ್ಲಿ ಅವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಹಿಡಿದು ಸಿನಿಮಾಗಳ ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವ ಸೌಂಡ್ ಮಿಕ್ಸ್ ಕೆಲಸ ಶುರು ಮಾಡಿದ್ದೆ. ಸದ್ದು ಮಾರ್ದನಿಸದಿರಲೆಂದು ಗೋಡೆಗೆ ಹಳೇ ಹತ್ತಿ ಹಾಸಿಗೆಗಳನ್ನು ಒರಗಿಸಿ ಅದನ್ನು ಸ್ಟುಡಿಯೋ ಎಂದು ಕರೆದೆ. ಕರೆಯಲು ಯಾರ ಅಪ್ಪಣೆ ಬೇಕು? ಕೆಲಸಕ್ಕೆ ಕೂರುವ ಮುನ್ನ ಸ್ಪೀಕರುಗಳ ಸದ್ದನ್ನು ಅಳೆದು ಥಿಯೇಟರಿನ ಮಟ್ಟಕ್ಕೆ ತಂದು ನಿಲ್ಲಿಸಬೇಕು. ಅದಕ್ಕೆಂದೇ ಏರಿಳಿತವಿಲ್ಲದೆ 'ಸೋ' ಎನ್ನುವ ಪರೀಕ್ಷೆಯ ಸದ್ದೊಂದಿದೆ. ಅದನ್ನು ಹಾಕಿ, ಕಿವಿಯ ಎತ್ತರಕ್ಕೆ ಸದ್ದಳೆಯುವ ಮೀಟರ್ ಹಿಡಿದು ಗುಂಡಿ ತಿರುಗಿಸುತ್ತಿದ್ದೆ. ಜಯಮ್ಮ ಸೆರಗು ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಮೋಟ್ರು ಆಫ್ ಮಾಡಿದ್ರೂ ಟ್ಯಾಂಕು ಸುರೀತಾನೇ ಐತಲ್ಲವ್ವಾ!"

"ಟ್ಯಾಂಕಲ್ಲ ಆಂಟಿ, ಸ್ಪೀಕರು."

ನಿಲ್ಲಿಸಿದೆ. 'ನೀರು' ನಿಂತಿತು. ಅವರಿಗೆ ನಂಬಿಕೆ ಬರಲಿಲ್ಲ. ಟೆರೇಸಿಗೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿಯೇ ಬಂದರು.

ಗುಂಡಿ ಒಮ್ಮೆ ನಿಂತ ಜಾಗದಿಂದ ಕದಲಬಾರದು, ಕದಲಿಸಿದರೆ ತಕ್ಕಡಿಯ ತಟ್ಟೆಗೆ ಹೆಬ್ಬೆರಳು ಒತ್ತಿದ ಹಾಗೆ ಎಂದು ವಿವರಿಸಿದೆ. "ಹಂಗಾದ್ರೆ ಗುರ್ತು ಬ್ಯಾಡ್ವಾ?" ಎಂದವರೇ ಕೆಳಗಿಳಿದು, ಬಚ್ಚಲ ಕನ್ನಡಿಗೆ ಅಂಟಿಸಿದ್ದ ಬೊಟ್ಟೊಂದನ್ನು ಬೆರಳ ತುದಿಯಲ್ಲಿ ತಂದು ಗುಂಡಿ ನಿಂತ ಜಾಗದ ಪಕ್ಕ ಒತ್ತಿದರು.

ಆ ಕೋಣೆಯಲ್ಲೇ ನನ್ನ ಮೊದಲ ದೊಡ್ಡ ಸಿನಿಮಾ ಕೈಗೆ ಬಂತು. ಅದರಲ್ಲೊಂದು ದೃಶ್ಯ: ಮಗು ಪಕ್ಕದಲ್ಲಿ ಮಲಗಿದೆ, ತಾಯಿ ಗಂಡನಿಗೆ ಪಿಸುಮಾತಿನಲ್ಲಿ ಏನೋ ಹೇಳುತ್ತಾಳೆ. ನಿರ್ಮಾಪಕರು ಬಂದು ಅದನ್ನು ಕೇಳಿಸಿಕೊಂಡರು.

"ಸೌಂಡ್ ಸಾಲ್ತಿಲ್ಲ ಮೇಡಂ," ಎನ್ನುತ್ತ ಗುಂಡಿಗೆ ಕೈ ಹಾಕಿದರು.

"ಅದನ್ನ ಮುಟ್ಟಬೇಡಿ ಸಾರ್. ಥಿಯೇಟರ್‌ನಲ್ಲಿ ಹೀಗೇ ಕೇಳ್ಸೋದು. ಮಗು ಮಲಗಿದೆ, ಅದಕ್ಕೇ ಅವ್ಳು ಮೆಲ್ಲಗೆ ಮಾತಾಡ್ತಿದ್ದಾಳೆ."

ಅವರು ಹಾಸಿಗೆಗಳನ್ನೊಮ್ಮೆ ನೋಡಿದರು. "ಮನೇಲಿ ಮಾಡಿದ್ದು ಮನೇಗೇ ಸರಿ ಬಿಡಿ. ಅವಳ ಮಾತು ಏರಿಸ್ತೀರೋ, ಸಿನಿಮಾ ಬೇರೆಯವ್ರಿಗೆ ಕೊಡ್ಲೋ?"

ಏರಿಸಲಿಲ್ಲ. ಸಿನಿಮಾ ಕೈತಪ್ಪಿ ಹೋಯಿತು. ಮೆಟ್ಟಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಜಯಮ್ಮ ಒಳಗೆ ಬಂದರು. "ನಾನಿಟ್ಟ ಬೊಟ್ಟಿಗೇ ಕೈ ಹಾಕಕ್ಕೆ ಬಂದ್ನಾ? ಹೋಗ್ಲಿ ಬಿಡು. ಮುದ್ದೆ ಮಾಡಿದ್ದೀನಿ, ಬಾ." ಅಳುತ್ತಲೇ ಉಂಡೆ. ತಪ್ಪು ಮಾಡಿದೆ ಎಂದು ಮಾತ್ರ ಒಂದು ತುತ್ತಿಗೂ ಅನ್ನಿಸಲಿಲ್ಲ.

ಆ ಸಿನಿಮಾವನ್ನು ಜೆ.ಪಿ. ನಗರದ ಥಿಯೇಟರಿನಲ್ಲಿ ದುಡ್ಡು ಕೊಟ್ಟು ನೋಡಿದೆ. ತಾಯಿಯ ಪಿಸುಮಾತು ಹಿಂದಿನ ಸಾಲಿಗೂ ರಾಚುವಂತಿತ್ತು. ಅಷ್ಟಾದರೂ ಪಕ್ಕದಲ್ಲಿದ್ದ ಮಗು ಎಚ್ಚರಗೊಳ್ಳಲಿಲ್ಲ, ಪಾಪ. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ, ಪಾಪ್‌ಕಾರ್ನ್ ಸಾಗುತ್ತಿತ್ತು. ನನಗೆ ಅನ್ನಿಸಿತಲ್ಲ, ಅಷ್ಟು ಸಾಕು.

ಕೋಣೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಇವತ್ತು ಬೆಳಿಗ್ಗೆ ಈ ಹೊಸ ಮನೆಯಲ್ಲಿ ಮತ್ತೆ ಆ 'ಸೋ' ಸದ್ದು ಹಾಕಿ ಅಳೆದೆ. ಯಾರೂ ಏದುಸಿರು ಬಿಡುತ್ತ ಬರಲಿಲ್ಲ, ಅದೇ ಖಾಲಿ ಖಾಲಿ ಎನಿಸಿತು. ಗುಂಡಿ ಹಳೇ ಬೊಟ್ಟಿಗಿಂತ ಕೊಂಚ ಆಚೆ ನಿಂತಿತು. ಎದ್ದ ಅಂಚನ್ನು ಒತ್ತಿ ಕೂರಿಸಿ, ಅಂಗಡಿಯಿಂದ ತಂದ ಹೊಸ ಬೊಟ್ಟನ್ನು ಅದರ ಪಕ್ಕ ನಾನೇ ಇಟ್ಟೆ. ಪ್ಯಾಕೆಟ್ಟಿನಲ್ಲಿ ಉಳಿದದ್ದರಲ್ಲಿ ಒಂದು ನನ್ನ ಹಣೆಗೂ ಬಂತು.

ಸಂಜೆ ಹೊಸ ನಿರ್ಮಾಪಕರೊಬ್ಬರು ಬರುತ್ತಾರೆ. "ಮನೇಲೇ ಮಾಡ್ತೀರಾ ಮೇಡಂ?" ಎಂದು ಆಗಲೇ ಫೋನಿನಲ್ಲಿ ರಾಗ ಎಳೆದಿದ್ದಾರೆ. ಬರಲಿ. ಕುರ್ಚಿ ಹಾಕುತ್ತೇನೆ, ಕಾಫಿ ಕೊಡುತ್ತೇನೆ. ಗುಂಡಿ ಮುಟ್ಟಲು ಬಿಡುವುದಿಲ್ಲ.