ಬಾವಿ ನೀರು ಕೇಳುವ ಗುಣವತಿ

ಬೆಳಿಗ್ಗೆ ಆರೂವರೆ. ಉಡುಪಿ ಜಿಲ್ಲೆಯ ಎರ್ಮಾಳಿನ ಕಡಲ ಬದಿಯ ಓಣಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಗೇಟುಗಳ ಮುಂದೆ ನೀಲಿ, ಹಸಿರು ಕೊಡಗಳು ಸಾಲಾಗಿ ಕೂತಿವೆ. ಟ್ಯಾಂಕರ್ ಇವತ್ತು ಬಂದರೂ ಬರಬಹುದು, ಬಾರದೆಯೂ ಇರಬಹುದು. ಹೆಗಲಿಗೊಂದು ಚೀಲ, ಕೈಯಲ್ಲಿ ಟ್ಯಾಬ್, ಕಂಕುಳಲ್ಲಿ ಮಡಚಿದ ಕೊಡೆ ಇಟ್ಟುಕೊಂಡು ಗುಣವತಿ ಆ ಕೊಡಗಳನ್ನೇ ನೋಡುತ್ತಾ ನಡೆಯುತ್ತಾರೆ. ಸರ್ಕಾರದ ಸಮೀಕ್ಷೆಗಾಗಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಗುತ್ತಿಗೆ ಕೆಲಸ ಅವರದು. ಕಾಪುವಿನಿಂದ ಈಚೆಗೆ ಅವರು ಹತ್ತದ ಮೆಟ್ಟಿಲಿಲ್ಲ, ಅವರನ್ನು ಕಂಡು ಬೊಗಳದ ನಾಯಿಯಿಲ್ಲ. ಊರವರ ಬಾಯಲ್ಲಿ ಅವರು ‘ಲೆಕ್ಕದ ಅಕ್ಕ’.

ಇಷ್ಟು ಬೇಗ ಯಾಕೆ ಎಂದರೆ ನಗುತ್ತಾರೆ. "ಹತ್ತು ಗಂಟೆಗೆ ಬಂದ್ರೆ ಕೊಡಗಳೆಲ್ಲ ಒಳಗೆ ಹೋಗಿರ್ತವೆ. ಆಮೇಲೆ ಎಂತ ಕೇಳಿದ್ರೂ ಒಂದೇ ಉತ್ತರ. ಎಲ್ಲ ಉಂಟು, ಎಂತ ತೊಂದರೆ ಇಲ್ಲ. ನಮ್ಮವರಿಗೆ ಇಲ್ಲ ಅಂತ ಹೇಳಲಿಕ್ಕೆ ನಾಲಿಗೆ ಏಳುವುದಿಲ್ಲ ಮಾರಾಯ್ರೆ."

ಆ ನಾಲಿಗೆ ಏಳದೆ ಹೋದರೆ ಹಣವೂ ಬರುವುದಿಲ್ಲ ಎನ್ನುವುದೇ ಇಲ್ಲಿನ ಪೇಚು. ಯಾವ ಜಿಲ್ಲೆ ಹಿಂದುಳಿದಿದೆ ಎಂದು ಸರ್ಕಾರ ತೀರ್ಮಾನಿಸುವುದು ಅಂಕಗಳನ್ನು ಕೂಡಿಸಿ. ಓದು, ಆಸ್ಪತ್ರೆ, ರಸ್ತೆ, ನೀರು, ತಲಾ ಆದಾಯ, ಒಂದೊಂದಕ್ಕೂ ಅಂಕ. ಕೂಡಿಸಿ, ಸರಾಸರಿ ತೆಗೆದು, ಕೆಳಗೆ ಉಳಿದವರ ಕಡೆಗೆ ಅಭಿವೃದ್ಧಿಯ ಹಣ ಮೊದಲು ಹರಿಯುತ್ತದೆ. ಉಡುಪಿ ಈ ಪರೀಕ್ಷೆಯಲ್ಲಿ ಯಾವಾಗಲೂ ಮುಂದಿನ ಬೆಂಚಿನ ಹುಡುಗ. ಮಣಿಪಾಲದ ಆಸ್ಪತ್ರೆಯ ಹಾಸಿಗೆಗಳೂ ನಿಟ್ಟೆಯ ಕಾಲೇಜು ಹಾಸ್ಟೆಲಿನ ಕೋಣೆಗಳೂ ಸೇರಿ ಬರುವ ಸರಾಸರಿಯಲ್ಲಿ ಎರ್ಮಾಳಿನ ಓಣಿಗೂ ಒಂದು ಪಾಲು ಬರುತ್ತದೆ, ಕಾಗದದ ಮೇಲೆ. ಕೊಡ ಹಿಡಿದು ನಿಂತವಳಿಗೆ ಅದರಿಂದ ಒಂದು ಲೋಟ ನೀರೂ ಸಿಗುವುದಿಲ್ಲ.

ಈ ಸಲದ ಸಮೀಕ್ಷೆ ಸ್ವಲ್ಪ ಬೇರೆ. ಮುಂದುವರಿದ ಜಿಲ್ಲೆಗಳ ಒಳಗೇ ಹಿಂದೆ ಬಿದ್ದ ಕೇರಿ, ಓಣಿಗಳನ್ನು ಹುಡುಕುವುದು ಇದರ ಉದ್ದೇಶ. ವರ್ಷವಿಡೀ ಕುಡಿಯಲು ಯೋಗ್ಯವಾದ ನೀರು ಮನೆಯಲ್ಲಿದೆಯೇ ಎಂಬ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಮನೆಗಳು ‘ಇಲ್ಲ’ ಎಂದರೆ ಆ ಓಣಿ ಪಟ್ಟಿಗೆ ಸೇರುತ್ತದೆ, ಪೈಪಿನಲ್ಲಿ ಸಿಹಿ ನೀರು ತರುವ ಯೋಜನೆಗೆ ಬಾಗಿಲು ತೆರೆಯುತ್ತದೆ. ಇಲ್ಲಿ ಮನೆಗೊಂದು ಬಾವಿ ಇದೆ. ಬೇಸಿಗೆ ಬಂತೆಂದರೆ ಅಷ್ಟೂ ಬಾವಿಗಳು ಉಪ್ಪು. ಆದರೆ ಮನೆಯವರು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಗುಣವತಿ ದಾಖಲಿಸಬಹುದು. ತಾನು ಕಂಡದ್ದನ್ನು ಬರೆಯುವ ಹಾಗಿಲ್ಲ.

ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಈ ಕಡೆ ಬಂದವರಿಗೆ ಮೊದಲು ನೀರು ಕೊಡದ ಮನೆ ಇಲ್ಲ, ಯಾರ ಮನೆಯಾದರೂ ಸರಿ. ಗುಣವತಿ ಕೂತ ತಕ್ಷಣ ಅಂಗಡಿಯಿಂದ ತರಿಸಿದ ಕ್ಯಾನಿನ ನೀರು ಲೋಟದಲ್ಲಿ ಬರುತ್ತದೆ. "ಇದು ಬೇಡ, ಬಾವಿದ್ದು ಒಂದು ಲೋಟ ಕೊಡಿ" ಎನ್ನುತ್ತಾರೆ. ಮನೆಯಾಕೆಯ ಮುಖ ಸಣ್ಣದಾಗುತ್ತದೆ. ಮನೆಗೆ ಬಂದವರ ಬಾಯಿಗೆ ಉಪ್ಪು ನೀರು ಹಾಕುವುದು ಹೇಗೆ? ಅಲ್ಲಿಗೆ ಸತ್ಯ ಹೊರಗೆ ಬರುತ್ತದೆ. ಕೆಲವರು ಹಟಕ್ಕೆ ಬಿದ್ದು ತಂದುಕೊಡುವುದೂ ಉಂಟು. ಇವರೂ ಹಟಕ್ಕೆ ಬಿದ್ದು ಕುಡಿಯುತ್ತಾರೆ. "ಬಿ.ಪಿ. ಏರಿದ್ರೆ ಬೈಯಬೇಡಿ ಅಂತ ನಮ್ಮ ಡಾಕ್ಟ್ರಿಗೆ ಮೊದಲೇ ಹೇಳಿಟ್ಟಿದ್ದೇನೆ."

ಆದರೆ ಖದೀಜಮ್ಮನ ಮನೆಯಲ್ಲಿ ಈ ಉಪಾಯ ನಡೆಯಲಿಲ್ಲ. ಓಣಿಯಲ್ಲಿ ಎಲ್ಲರಿಗಿಂತ ದೊಡ್ಡದು ಅವರ ಮನೆ. ದೊಡ್ಡ ಮಗ ಶಿಹಾಬ್ ದುಬೈಯಲ್ಲಿ ದುಡಿದು ಕಟ್ಟಿಸಿದ ಎರಡಂತಸ್ತು, ಗೇಟಿಗೆ ಹಿತ್ತಾಳೆಯ ಹಿಡಿ. ಆ ಮನೆಯವರು ಏನು ಹೇಳುತ್ತಾರೋ ಅದನ್ನೇ ಓಣಿಯೂ ಹೇಳುವುದು. ‘ಅವರಿಗೇ ತೊಂದರೆ ಇಲ್ಲ ಅಂದ ಮೇಲೆ ನಾವು ಹೇಗೆ ಅಳುವುದು’ ಎಂದು ಎಷ್ಟೋ ಮನೆಗಳು ಆಗಲೇ ‘ಉಂಟು’ ಎಂದು ಬರೆಸಿಬಿಟ್ಟಿದ್ದವು. ಸಮೀಕ್ಷೆ ಮುಗಿಯಲು ವಾರವೂ ಉಳಿದಿರಲಿಲ್ಲ.

ಬಾವಿ ನೀರು ಕೇಳಿದಾಗ ಖದೀಜಮ್ಮ ಸೆರಗು ಸರಿಮಾಡಿಕೊಂಡು ಗುಣವತಿಯ ಪಕ್ಕದಲ್ಲೇ ಕೂತರು.

"ಬರಿಬೇಡ ಮಾರಾಯ್ತಿ," ಎಂದರು. "ಆದಿತ್ಯವಾರ ಕಾರ್ಕಳದಿಂದ ಹೆಣ್ಣಿನ ಕಡೆಯವರು ಮನೆ ನೋಡಲಿಕ್ಕೆ ಬರ್ತಾರೆ. ನಮ್ಮ ಸಣ್ಣ ಮಗ ಝಾಕಿರನಿಗೆ ಇದು ಮೂರನೆಯ ಸಂಬಂಧ. ಮೊದಲಿನ ಎರಡು ಈ ನೀರಿನ ದೆಸೆಯಿಂದಲೇ ತಪ್ಪಿದ್ದು. ನಾನು ಇಲ್ಲ ಅಂತ ಬರೆಸಿದ್ರೆ ಓಣಿಗೆ ಗೊತ್ತಾಗ್ತದೆ. ಓಣಿಗೆ ಗೊತ್ತಾದ್ರೆ ಕಾರ್ಕಳಕ್ಕೆ ಗೊತ್ತಾಗಲಿಕ್ಕೆ ಎಷ್ಟು ಹೊತ್ತು?"

ಮಾತು ಸುಳ್ಳಲ್ಲ. ಉಪ್ಪು ನೀರಿನ ಊರಿಗೆ ಹೆಣ್ಣು ಕೊಡಲು ಒಳನಾಡಿನವರು ಹಿಂದೆ ಮುಂದೆ ನೋಡುತ್ತಾರೆ. ಮಗಳ ಸೊಂಟಕ್ಕೆ ಕೊಡ ಏರಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಆದಿತ್ಯವಾರದ ಮಟ್ಟಿಗೆ ಖದೀಜಮ್ಮ ಕ್ಯಾನಿನ ನೀರನ್ನೇ ಅಡುಗೆಮನೆಯ ಹಂಡೆಗೆ ಸುರಿದಿಡುವವರಿದ್ದರು. ಬಂದವರು ಬಾವಿಯದೇ ಎಂದುಕೊಂಡರೆ ಸಾಕು.

ಗುಣವತಿ ಟ್ಯಾಬನ್ನು ಚೀಲಕ್ಕೆ ಹಾಕಿದರು. ಒಂದು ಕಡೆ ಇಡೀ ಓಣಿಯ ನೀರು, ಇನ್ನೊಂದು ಕಡೆ ಒಂದು ಮನೆಗೆ ಬರಬೇಕಾದ ಸೊಸೆ. ಒತ್ತಾಯ ಮಾಡಲು ಅವರಿಗೆ ಬಾಯಿ ಬರಲಿಲ್ಲ. ಹಾಗೆಂದು ಸುಮ್ಮನೆ ಎದ್ದು ಹೋಗಲೂ ಆಗಲಿಲ್ಲ. ಯಾರಿಗೂ ಹೇಳದ ತಮ್ಮ ಮದುವೆಯ ಕಥೆಯನ್ನು ಅಲ್ಲೇ ಕೂತು ಹೇಳಿದರು.

ಗುಣವತಿಯ ತವರು ಹಿರಿಯಡ್ಕದ ಹತ್ತಿರ. ಅಲ್ಲಿ ಬಾವಿಗೆ ಇಳಿಸಿದ ಕೊಡಪಾನ ಮೇಲೆ ಬಂದರೆ ಸಿಹಿ ನೀರೇ. ಮಂಜುಗಡ್ಡೆ ಘಟಕದಲ್ಲಿ ಕೆಲಸ ಮಾಡುವ ಉಮಾನಾಥರ ಸಂಬಂಧ ಎರ್ಮಾಳಿನಿಂದ ಬಂದಾಗ ಅಪ್ಪ ಮನೆ ನೋಡಲು ಹೋದರು. ಬೆಲ್ಲದ ತುಂಡು, ನೀರು ಕೊಟ್ಟರು. ಕುಡಿದ ಅಪ್ಪ ಖುಷಿಯಿಂದ ತಲೆಯಾಡಿಸಿ ಮಾತು ಕೊಟ್ಟು ಬಂದರು. ಆ ನೀರು ದೂರದ ಯಾರದೋ ಬಾವಿಯಿಂದ ತಂದದ್ದು.

"ಮದುವೆ ಆದ ಮರುದಿನ ಬಾಯಿ ಮುಕ್ಕಳಿಸುವಾಗ ಗೊತ್ತಾಯಿತು," ಎಂದರು ಗುಣವತಿ. "ಅತ್ತೆ ಒಳ್ಳೆಯವರೇ ಖದೀಜಮ್ಮ. ಕೊನೆಯವರೆಗೂ ಮಗಳ ಹಾಗೆ ನೋಡಿಕೊಂಡ್ರು. ಆದ್ರೆ ಆ ವಿಷಯ ಮಾತ್ರ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ. ಅವರಿಗೆ ಹೇಳಲಿಕ್ಕೆ ನಾಚಿಕೆ, ನನಗೆ ಕೇಳಲಿಕ್ಕೆ ಸಿಟ್ಟು. ಮೊದಲೇ ಹೇಳಿದ್ದಿದ್ರೆ ನಾನು ಬರ್ತಿರಲಿಲ್ವಾ? ಬರ್ತಿದ್ದೆ. ಇವರು ನನಗೆ ಇಷ್ಟ ಆಗಿದ್ರು."

ಗುಣವತಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆ ಮನೆಯ ಉತ್ತರ ಖಾಲಿ ಉಳಿಯಿತು. ದಾರಿಯುದ್ದಕ್ಕೂ, ಮನೆಗೆ ಬಂದ ಮೇಲೂ, ಬೇರೆಯವರ ಮನೆಯ ವಿಷಯಕ್ಕೆ ತಾನು ತಲೆ ಹಾಕಬಾರದಿತ್ತು ಎಂದು ಅವರ ಮನಸ್ಸು ಕುಟುಕುತ್ತಲೇ ಇತ್ತು. "ಪ್ರಶ್ನೆ ಕೇಳುವವಳು ಪ್ರಶ್ನೆ ಕೇಳಿ ಬರಬೇಕು, ಕಥೆ ಹೇಳಲಿಕ್ಕೆ ನನಗೆ ಯಾರು ಹೇಳಿದ್ದು?" ಎಂದು, ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿ ಗಂಡನ ಹತ್ತಿರ ಗೊಣಗಿದ್ದೂ ಆಯಿತು. ಉಮಾನಾಥರಿಗೆ ಅರ್ಥವಾದದ್ದು ಅರ್ಧ. ತಾನು ಅವಳಿಗೆ ಇಷ್ಟ ಆಗಿದ್ದೆ ಎಂಬ ಮಾತು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸಿತ್ತು.

ಆದಿತ್ಯವಾರ ಕಾರ್ಕಳದವರು ಬಂದರು. ಖದೀಜಮ್ಮ ಅವರ ಮುಂದೆ ಒಂದು ತಟ್ಟೆಯಲ್ಲಿ ಎರಡು ಲೋಟ ಇಟ್ಟರು. "ಇದು ನಮ್ಮ ಬಾವಿದ್ದು, ಇದು ತರಿಸಿದ್ದು. ಎರಡೂ ರುಚಿ ನೋಡಿ, ಆಮೇಲೆ ಮಾತಾಡುವ," ಎಂದರಂತೆ. ಹುಡುಗಿಯ ತಂದೆ ಬಾವಿ ನೀರು ಬಾಯಿಗಿಟ್ಟು ಮುಖ ಹುಳಿ ಮಾಡಿದರು. ಮನೆಯಲ್ಲಿ ನೀರು ಹೊರುವುದು ಯಾರು ಎಂದು ತಾಯಿ ಕೇಳಿದರು. "ನಾನೇ," ಎಂದ ಝಾಕಿರ್. ಬಿರಿಯಾನಿ ಉಂಡು, ತಿಳಿಸುತ್ತೇವೆ ಎಂದು ಹೇಳಿ ಹೊರಟರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಸೋಮವಾರ, ಸಮೀಕ್ಷೆಯ ಕೊನೆಯ ದಿನ, ಗುಣವತಿ ಓಣಿಗೆ ಕಾಲಿಡುವಾಗ ಖದೀಜಮ್ಮ ಗೇಟಿನ ಹೊರಗೇ ನಿಂತಿದ್ದರು. "ಬಾ, ಬರಿ. ನಮ್ಮ ಬಾವಿಯಲ್ಲಿ ಕುಡಿಯುವ ನೀರು ಇಲ್ಲ. ಇನ್ನೂ ಜೋರಾಗಿ ಹೇಳಬೇಕಾ?" ಎಂದರು. ಅದು ಸಾಕಷ್ಟು ಜೋರಾಗಿಯೇ ಇತ್ತು. ಎದುರು ಮನೆಯ ಮ್ಯಾಗ್ಡಲಿನ್‌ಬಾಯಿ ಹೊರಗೆ ಬಂದು, "ನಾನು ಮೊನ್ನೆ ಉಂಟು ಅಂದಿದ್ದೆ ಅಲ್ವಾ, ಅದನ್ನು ತಿದ್ದಲಿಕ್ಕೆ ಆಗ್ತದಾ?" ಎಂದು ಕೇಳಿದರು. ತಿದ್ದಲಿಕ್ಕೆ ಆಗುತ್ತಿತ್ತು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು. ಅವತ್ತು ಗುಣವತಿಗೆ ಮಧ್ಯಾಹ್ನದ ಊಟವೂ ನೆನಪಾಗಲಿಲ್ಲ. ಸಂಜೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಲ್ಲ, ಓಣಿಗೆ ಓಣಿಯೇ ‘ಇಲ್ಲ’ ಎಂದಿತ್ತು. ಜಂಬದ ಜನ ಒಟ್ಟಾಗಿ ಬಾಯಿಬಿಟ್ಟದ್ದು ನೋಡಿ ಅವರಿಗೆ ಕಣ್ಣು ತುಂಬಿ ಬಂದದ್ದು ನಿಜ.

ಉತ್ತರಗಳು ಮಣಿಪಾಲದ ಜಿಲ್ಲಾ ಕಚೇರಿಗೆ ಹೋಗಿವೆ. ಅಲ್ಲಿಂದ ಬೆಂಗಳೂರಿಗೆ ಹೋಗಿ, ಅಂಕಗಳಾಗಿ, ಪಟ್ಟಿಯಾಗಿ ಯಾವಾಗ ಹೊರಬರುತ್ತವೋ ಯಾರೂ ಹೇಳುತ್ತಿಲ್ಲ. ಗುಣವತಿ ಈಗ ಪಕ್ಕದ ಊರಿನ ಗೇಟುಗಳನ್ನು ತಟ್ಟುತ್ತಿದ್ದಾರೆ. ಹೋಗುವ ಮುಂಚೆ ದಿನವೂ ಖದೀಜಮ್ಮನ ಮನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಒಳಗಿನಿಂದ ಖದೀಜಮ್ಮ, ಇನ್ನೂ ಇಲ್ಲ ಎಂದು ಕೈಯಾಡಿಸುತ್ತಾರೆ.

ನಿಮ್ಮ ಆಸೆ ಏನು ಎಂದು ಗುಣವತಿಯನ್ನು ಕೇಳಿದರೆ ಪೈಪು, ಪಟ್ಟಿ ಎಂದೆಲ್ಲ ಹೇಳಿಯಾರು ಎಂದುಕೊಂಡರೆ ಅವರು ಹೇಳುವುದೇ ಬೇರೆ.

"ಪೈಪು ಬರುವಾಗ ಬರಲಿ. ಅದಕ್ಕೆ ನಾವು ಕಾದೇವು. ಮೊದಲು ಕಾರ್ಕಳದಿಂದ ಒಂದು ಫೋನ್ ಬರಬೇಕು ನೋಡಿ. ನಿಜ ಹೇಳಿದ ಮನೆಗೆ ಸೊಸೆ ಬಂದಳು ಅಂತ ಆಗಬೇಕು."