ವಿಲ್ಮಟ್‌ಳ ಮೀನಿನ ಅಟ್ಟಣೆ

ನಮ್ಮ ನ್ಯೂಫೌಂಡ್‌ಲ್ಯಾಂಡ್ ಕೊಲ್ಲಿಯಲ್ಲಿ ವಸಂತಕ್ಕೆ ಮೊದಲು ಬಂದು ಲಂಗರು ಹಾಕಿದ ಹಡಗಿನ ಕಪ್ತಾನನೇ ಆ ಬೇಸಿಗೆಯ ದೊರೆ. ಮೀನು ಕೆಡಿಸಿದವರಿಂದ ಅವರು ಮೀನು ಒಣಗಿಸುವ ದಡ ಕಿತ್ತು ತನ್ನ ಆಳುಗಳಿಗೆ ಕೊಟ್ಟರೂ ಕೇಳುವವರಿಲ್ಲ. ಆ ವರ್ಷ ಬಂದವನು ಕಪ್ತಾನ ಟ್ರೆಗೋ. ನನ್ನ ಪಕ್ಕದ ಮನೆಯ ವಿಲ್ಮಟ್‌ಳ ದಡದ ಮೇಲೆ ಅವನಿಗೆ ಬಂದ ದಿನದಿಂದಲೂ ಕಣ್ಣು. ಅದೊಂದು ಹೋದರೆ ಅವಳಿಗೆ ಚಳಿಗಾಲದ ಹಿಟ್ಟಿಗೂ ಗತಿಯಿಲ್ಲ.

ಅವಳ ಗಂಡ ಡಿಗರಿ ಉಪ್ಪು ತರಲು ಹೋಗಿ, ದೋಣಿ ಮಗುಚಿ ಸತ್ತ. ಮಣ್ಣು ಮಾಡಿ ಬಂದವಳೇ ಚಾಕು ಹಿಡಿದು ಮೀನು ಸೀಳಲು ನಿಂತಳು. ಕಣ್ಣಲ್ಲಿ ಒಂದು ಹನಿ ಇಲ್ಲ.

"ಒಂದ್ಸಲ ಅತ್ತುಬಿಡೇ ಮಾರಾಯ್ತಿ" ಎಂದೆ.

"ಆ ಉಪ್ಪು ಈಕಡೆ ಕೊಡಕ್ಕ" ಎಂದಳು.

ಹಡಗಿನಲ್ಲಿ ಲವೆಲ್ ಎಂಬ ಪ್ರವಾಸಿಯೂ ಬಂದಿದ್ದ. ಈ ಸೀಮೆಯ ಬದುಕು, ವ್ಯಾಪಾರ ಎಲ್ಲ ಬರೆದು ಪುಸ್ತಕ ಮಾಡುತ್ತಾನಂತೆ. ಅವಳ ಬೆನ್ನು ಬಿಡಲಿಲ್ಲ ಆಸಾಮಿ.

"ಈ ಮೀನೆಲ್ಲ ಎಲ್ಲಿಗೆ ಹೋಗುತ್ತಮ್ಮ?"

"ಒಳ್ಳೇದು ಸ್ಪೇನಿಗೆ."

"ಕೆಟ್ಟದ್ದು?"

"ಸಕ್ಕರೆ ದ್ವೀಪಕ್ಕೆ. ಅಲ್ಲಿ ಕಬ್ಬಿನ ಗದ್ದೇಲಿ ದುಡಿಯೋ ಗುಲಾಮರು ತಿಂತಾರೆ."

ಸಂಜೆ ನನ್ನ ಬಾಗಿಲಲ್ಲಿ ನಿಂತು ಹಿಗ್ಗಿನಿಂದ ಹೇಳಿದ: "ಇಲ್ಲಿನ ಹೆಂಗಸರು ಬಲು ಗಟ್ಟಿ. ಸಾವು ಇವರಿಗೆ ತಟ್ಟೋದೇ ಇಲ್ಲ ಅಂತ ಬರ್ಕೊಂಡೆ."

"ನಿಮ್ಮ ತಲೆ!" ಎಂದು ಬಾಗಿಲು ಹಾಕಿಕೊಂಡೆ. ಮೈಯೆಲ್ಲ ಉರಿದುಹೋಗಿತ್ತು.

ಮರುದಿನ ಮಂಜು ಸರಿದು ಸುಡುಬಿಸಿಲು ಬಿತ್ತು. ಅಂಥ ಬಿಸಿಲಿಗೆ, ಒಣಗಲು ಅಟ್ಟಣೆಯ ಮೇಲೆ ಹರಡಿದ ಮೀನನ್ನು ಚರ್ಮ ಮೇಲಾಗುವಂತೆ ಮಗುಚಬೇಕು, ಇಲ್ಲದಿದ್ದರೆ ಮಾಂಸ ಬೆಂದುಹೋಗುತ್ತದೆ. ನಾವೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ನನ್ನದು ಮುಗಿಸಿ ನೋಡುತ್ತೇನೆ, ವಿಲ್ಮಟ್ ತನ್ನ ಅಟ್ಟಣೆಯ ಪಕ್ಕದಲ್ಲೇ ಸುಮ್ಮನೆ ನಿಂತಿದ್ದಾಳೆ! ಕೂಗಿದೆ. ತಿರುಗಲಿಲ್ಲ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೀನು ಬೆರಳಿಟ್ಟಲ್ಲೆಲ್ಲ ಉದುರುತ್ತಿತ್ತು.

ಟ್ರೆಗೋ ಬಂದ. ಒಂದು ಮೀನೆತ್ತಿ ಮುರಿದು ನೋಡಿ ನಕ್ಕ.

"ಮೀನಲ್ಲೇ ಬೆಳೆದೋಳು, ಇಷ್ಟೂ ಗೊತ್ತಾಗ್ಲಿಲ್ವಾ? ನಾಳೆಯಿಂದ ಈ ದಡ ನನ್ನ ಹುಡುಗರದು."

ಅವಳು ತಲೆಯಾಡಿಸಿದಳು, ಅಷ್ಟೇ. ಲವೆಲ್ ಅದನ್ನೂ ಬರೆದುಕೊಳ್ಳುತ್ತಿದ್ದ. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದು, ಅವಳ ರಟ್ಟೆ ಹಿಡಿದು ಅಲುಗಾಡಿಸಿದೆ.

"ಬಿಸಿಲು ಕಾಣ್ಲಿಲ್ವೇನೇ ನಿಂಗೆ? ಯಾಕೆ ಮಗುಚಲಿಲ್ಲ?"

"ಕಂಡೆ ಕಣಕ್ಕ" ಎಂದಳು. "ಮಗುಚು ಅಂತ ನಮ್ಮನೆಯವರು ಇನ್ನೂ ಕೂಗಿಲ್ವಲ್ಲ."